ಗೀರು ಬಿದ್ದ ಹಿತ್ತಾಳೆ

ಈ ಬಾರಿಯ ವಿಷಯವನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಬಂದೂಕಿನ ತೋಟಾಗಳ ಹಿತ್ತಾಳೆ ಕೊಳವೆಗಳು, ಅವುಗಳನ್ನು ತಿದ್ದುವ ಉಕ್ಕಿನ ಅಚ್ಚು, ಆ ಅಚ್ಚಿನಲ್ಲಿ ಬಿದ್ದ ಗೀರು, ಇವೇ ಇಂದಿನ ವಸ್ತು. ಇರುವೆಯನ್ನು ತುಳಿಯಲೂ ಹಿಂಜರಿಯುವ ಮೇಷ್ಟರಿಗೆ ಮುಪ್ಪಿನಲ್ಲಿ ಇದೇನು ಬಂತು ಎಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಒಂದು ಮಾತನ್ನು ಹೇಳಲು ನನಗೆ ಈ ಅಚ್ಚಿನ ಕಥೆಯೇ ದಾರಿಯಾಗಬೇಕಾಗಿದೆ.

2023ರ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ನಾನೂ ನನ್ನ ಪತ್ನಿಯೂ ಅಮೆರಿಕದ ಓಹಾಯೋ ರಾಜ್ಯದಲ್ಲಿ ಮಗಳ ಮನೆಯಲ್ಲಿದ್ದೆವು. ಮಗಳು, ಅಳಿಯ ಕೆಲಸಕ್ಕೆ ಹೊರಟ ಮೇಲೆ ಆ ಬೀದಿಯಲ್ಲಿ ಮನುಷ್ಯರ ಧ್ವನಿಯೇ ಕೇಳಿಸದು. ಎದುರು ಮನೆಯ ಗ್ಯಾರೇಜಿನಿಂದ ಮಾತ್ರ ದಿನವೂ ಹತ್ತು ಗಂಟೆಯ ಹೊತ್ತಿಗೆ ಸಣ್ಣಗೆ ಲೋಹದ ಸದ್ದು ಬರುತ್ತಿತ್ತು. ಅಲ್ಲಿದ್ದವರು ಎಪ್ಪತ್ತು ದಾಟಿದ ಒಬ್ಬ ವೃದ್ಧರು. ಆಯುಷ್ಯವಿಡೀ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತವರು, ಪತ್ನಿಯನ್ನು ಕಳೆದುಕೊಂಡು ಒಂಟಿಯಾಗಿದ್ದವರು. ನಾನು ನಡಿಗೆಗೆ ಹೋಗುವಾಗ ಇಣುಕಿ ನೋಡುವುದನ್ನು ಎರಡು ದಿನ ಗಮನಿಸಿ ಮೂರನೆಯ ದಿನ ಅವರೇ ಒಳಗೆ ಕರೆದರು. ನಾನು ವಿಜ್ಞಾನದ ಅಧ್ಯಾಪಕನಾಗಿದ್ದೆನೆಂದು ತಿಳಿದ ಮೇಲೆ ನನ್ನ ಹೆಸರನ್ನು ಕೇಳಿಯೂ ಉಚ್ಚರಿಸಲಾರದೆ "ಟೀಚರ್" ಎಂದೇ ಕರೆಯತೊಡಗಿದರು. ಅದು ನನಗೆ ಹಿತವಾಗಿಯೇ ಇತ್ತು.

ಅವರು ಮಾಡುತ್ತಿದ್ದುದು ಹಾರಿಸಿದ ತೋಟಾಗಳನ್ನು ಮತ್ತೆ ತುಂಬುವ ಕೆಲಸ. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡಿನ ಹತ್ತಿರ ಸುಳಿಯುವಂತಿಲ್ಲ. ಅಲ್ಲಿ ಮಾತ್ರ ಗುರಿ ಹೊಡೆಯುವ ಹವ್ಯಾಸವಿರುವ ಬಹಳ ಮಂದಿ ಇದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. "ರೀ, ಆ ಮದ್ದಿನ ಮನೆಗೆ ಯಾಕ್ರೀ ಹೋಗ್ತೀರಿ? ಬೇರೆ ಜಾಗವೇ ಸಿಗಲಿಲ್ವೇ ನಿಮಗೆ?" ಎಂದು ನನ್ನಾಕೆ ದಿನವೂ ಗದರಿದಳು. ಬಂದೂಕಿನ ವಿಷಯದಲ್ಲಿ ಆ ದೇಶದ ಧೋರಣೆಯನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಆ ಮನುಷ್ಯರ ಬೆರಳುಗಳ ಅಚ್ಚುಕಟ್ಟನ್ನು ಕಂಡು ಕೂರದೆ ಇರಲಾಗಲಿಲ್ಲ.

ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ: ಮುಂದೆ ಗುಂಡು, ಒಳಗೆ ಮದ್ದು, ಹಿಂದೆ ಕಿಡಿ ಹೊತ್ತಿಸುವ ಸಣ್ಣ ಬಟ್ಟಲು, ಇವೆಲ್ಲವನ್ನೂ ಹಿಡಿದಿಡುವ ಹಿತ್ತಾಳೆಯ ಕೊಳವೆ. ಹಾರಿಸಿದಾಗ ಗುಂಡು ಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಬಟ್ಟಲು ಕೆಡುತ್ತದೆ. ಕೊಳವೆ ಮಾತ್ರ ಉಳಿಯುತ್ತದೆ. ಅದು ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು ಇರುವ ಹಿತ್ತಾಳೆ. ಮದ್ದು ಸಿಡಿದ ಕ್ಷಣದಲ್ಲಿ ಈ ಕೊಳವೆ ಉಬ್ಬಿ ಬಂದೂಕಿನ ಒಳಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಕೊಂಚ ಕುಗ್ಗಿ ಸಡಿಲವಾಗುತ್ತದೆ. ಸ್ಥಿತಿಸ್ಥಾಪಕತ್ವದ ಪಾಠಕ್ಕೆ ರಬ್ಬರ್ ಬಳೆಯ ಬದಲು ಈ ಉದಾಹರಣೆಯನ್ನು ಕೊಟ್ಟಿದ್ದರೆ ಹತ್ತನೆಯ ತರಗತಿಯ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರೇನೋ!

ಆದರೆ ಕುಗ್ಗಿದ ಕೊಳವೆ ಮೊದಲಿನ ಅಳತೆಗೆ ಪೂರ್ತಿ ಮರಳುವುದಿಲ್ಲ. ಅದಕ್ಕಾಗಿ ಗಟ್ಟಿ ಉಕ್ಕಿನ ಅಚ್ಚೊಂದಿದೆ. ಅದನ್ನೇ ಡೈ ಎನ್ನುತ್ತಾರೆ. ಒಂದು ಇಂಚಿಗೆ ಹದಿನಾಲ್ಕು ಸುತ್ತಿನ ಮರೆಯಿರುವ, ಮುಕ್ಕಾಲು ಇಂಚಿಗಿಂತ ತುಸು ದಪ್ಪನೆಯ ಈ ಡೈಯನ್ನು ಕೈ ಒತ್ತುಯಂತ್ರದ ನೆತ್ತಿಗೆ ತಿರುಗಿಸಿ ಕೂರಿಸುತ್ತಾರೆ. ಕೊಳವೆಗೆ ಜಾರುಮೇಣ ಸವರಿ ಕೆಳಗಿನಿಂದ ಡೈಯೊಳಕ್ಕೆ ಒತ್ತಿದರೆ ಅದು ಹಿಂದಿನ ಅಳತೆಗೆ ಬಂದು ಇಳಿಯುತ್ತದೆ. ಮೇಣ ಮರೆತರೆ ಕೊಳವೆ ಡೈಯಲ್ಲೇ ಕಚ್ಚಿಕೊಂಡು ಕೂರುತ್ತದೆ. ನನ್ನ ಮಿತ್ರರು ತುಂಬುತ್ತಿದ್ದುದು ಅಮೆರಿಕದ ಸೈನ್ಯ 1906ರಲ್ಲಿ ಸ್ವೀಕರಿಸಿದ, ಸುಮಾರು 63 ಮಿಲಿಮೀಟರ್ ಉದ್ದದ ಕೊಳವೆಯ ತೋಟಾಗಳನ್ನು. ಕುತ್ತಿಗೆ ಸಣ್ಣಗಾಗಿ ಭುಜವಿರುವ ಅದನ್ನು ನೋಡಿದಾಗ ನನಗೆ ಅಜ್ಜಿಯ ಮನೆಯ ಹಿತ್ತಾಳೆಯ ಪನ್ನೀರುದಾನಿಯೇ ನೆನಪಾಗುತ್ತಿತ್ತು.

ಆಗಸ್ಟ್ ತಿಂಗಳ ಕೊನೆಯ ವಾರ ನಾನು ಹೋದಾಗ ಅವರು ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದರು. ಮೇಜಿನ ಮೇಲೆ ನಲವತ್ತು ಕೊಳವೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಪ್ರತಿಯೊಂದರ ಮೈಮೇಲೂ ಕುತ್ತಿಗೆಯ ಕೆಳಗಿನಿಂದ ಬುಡದವರೆಗೆ ನೇರವಾದ ಒಂದು ಗೀರು. ಬೆಕ್ಕು ಪರಚಿದಂತೆ ಅಲ್ಲ, ಸೂಜಿಯಿಂದ ಗೆರೆ ಎಳೆದಂತೆ.

"ಇದು ನನ್ನ ಮೊಮ್ಮಗನ ಕೆಲಸ, ಟೀಚರ್," ಎಂದರು. ಹದಿನೈದು ವರ್ಷದ ಆ ಹುಡುಗ ಶನಿವಾರಗಳಂದು ಬಂದು ಅಜ್ಜನಿಗೆ ನೆರವಾಗುತ್ತಿದ್ದ. ಎರಡು ವಾರದ ಹಿಂದೆ ಅವನೇ ಡೈಯಲ್ಲಿ ಕೊಳವೆಗಳನ್ನು ಒತ್ತಿದ್ದನಂತೆ. ಮಣ್ಣು ಮೆತ್ತಿದ ಕೊಳವೆಗಳನ್ನು ತೊಳೆಯದೆ ಒತ್ತಿ ಡೈ ಹಾಳುಮಾಡಿದ್ದಾನೆಂದು ಅಜ್ಜ ಗದರಿದ್ದರು. "ನಾನು ಎಲ್ಲವನ್ನೂ ಒರೆಸಿದ್ದೆ" ಎಂದು ಅವನು ಹೇಳಿದ್ದಕ್ಕೆ, ಸುಳ್ಳು ಬೇರೆ ಹೇಳುತ್ತೀಯಾ ಎಂದು ಇನ್ನಷ್ಟು ಕೂಗಾಡಿದ್ದರು. ಅದಾದ ಮೇಲಿನ ಶನಿವಾರ ಹುಡುಗ ಬಂದಿರಲಿಲ್ಲ.

ನನಗೆ ಅಲ್ಲಿ ಹೇಳಲು ಏನೂ ಅಧಿಕಾರವಿರಲಿಲ್ಲ. ಆದರೆ ಪ್ರಯೋಗಾಲಯದಲ್ಲಿ ಕಳೆದ ವರ್ಷಗಳ ಅಭ್ಯಾಸ ಬಿಡಬೇಕಲ್ಲ! ಒಂದು ಕೊಳವೆಯನ್ನು ಎತ್ತಿಕೊಂಡು ಉಗುರಿನಿಂದ ಅಡ್ಡಲಾಗಿ ಗೀರಿ ನೋಡಿದೆ. "ಇದು ತಗ್ಗೋ, ಉಬ್ಬೋ?" ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ನನ್ನನ್ನೇ ನೋಡಿದರು. ಪ್ರಶ್ನೆ ಸರಳ. ಡೈಯ ಉಕ್ಕಿನಲ್ಲಿ ತಗ್ಗು ಬಿದ್ದಿದ್ದರೆ ಹಿತ್ತಾಳೆ ಆ ತಗ್ಗಿನೊಳಕ್ಕೆ ಒತ್ತಿಕೊಂಡು ಮೈಮೇಲೆ ಉಬ್ಬು ಗೆರೆ ಮೂಡಬೇಕು. ಹಿತ್ತಾಳೆಯಲ್ಲಿ ತಗ್ಗು ಬಿದ್ದಿದ್ದರೆ ಡೈಯೊಳಗೆ ಏನೋ ಎದ್ದು ನಿಂತಿರಬೇಕು. ಅಚ್ಚಿಗೂ ಅಚ್ಚಾದ ವಸ್ತುವಿಗೂ ಇರುವ ಸಂಬಂಧ ಯಾವಾಗಲೂ ತಿರುಗುಮುರುಗು. ಉಗುರು ಸಿಕ್ಕಿಕೊಂಡಿತು, ಗೀರು ತಗ್ಗೇ ಆಗಿತ್ತು.

ಮೊದಲು ದೋಷ ಡೈಯಲ್ಲೇ ಇದೆಯೆಂದು ಖಚಿತಪಡಿಸಿಕೊಳ್ಳಬೇಕಿತ್ತು. ಗೀರಿಲ್ಲದ ಒಂದು ಕೊಳವೆಯ ಮೈಮೇಲೆ ಶಾಯಿಯಿಂದ ಗುರುತು ಹಾಕಿ, ಗುರುತು ನಮ್ಮ ಕಡೆಗಿರುವಂತೆ ಇಟ್ಟು ಒತ್ತಿದೆವು. ಗೀರು ಬಲಬದಿಯಲ್ಲಿ ಬಿತ್ತು. ಇನ್ನೊಂದನ್ನು ಗುರುತು ಹಿಂದಕ್ಕಿರುವಂತೆ ಇಟ್ಟು ಒತ್ತಿದರೂ ಗೀರು ಯಂತ್ರದ ಬಲಬದಿಗೇ ಬಿತ್ತು. ಬಳಿಕ ಡೈಯನ್ನೇ ಕಾಲು ಸುತ್ತು ತಿರುಗಿಸಿದೆವು. ಗೀರೂ ಕಾಲು ಸುತ್ತು ಸರಿಯಿತು. ಲೇತಿನ ಮುಂದೆ ನಾಲ್ಕು ದಶಕ ಕಳೆದವರಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿರಲಿಲ್ಲ. ಡೈಯನ್ನು ಬಿಚ್ಚಿ, ನಡುವಿನ ಕಡ್ಡಿಯನ್ನು ತೆಗೆದು, ದ್ರಾವಕದಲ್ಲಿ ತೊಳೆದು, ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಒಳಗೆ ಸುತ್ತಾಡಿಸಿದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಟಾರ್ಚ್ ಬಿಟ್ಟು ನೋಡಿದರೆ ಬೂದುಬಣ್ಣದ ಉಕ್ಕಿನ ಮೇಲೆ ಬಂಗಾರದ ಜರಿಯಂತೆ ಒಂದು ಎಳೆ ಹೊಳೆಯುತ್ತಿತ್ತು. ಅದು ಹಿತ್ತಾಳೆ!

ಹಿತ್ತಾಳೆ ಉಕ್ಕಿಗಿಂತ ಬಹಳ ಮೆದು. ಅದು ಉಕ್ಕನ್ನು ಗೀರಲಾರದು. ಆದರೆ ಮರಳು ಗೀರಬಲ್ಲದು. ಗಡಸುತನದ ಮೋಸ್ ಮಾನದಲ್ಲಿ ಮರಳಿನ ಕಣವಾದ ಸ್ಫಟಿಕಶಿಲೆಗೆ 7ರ ಸ್ಥಾನ. ಹದಗೊಳಿಸಿದ ಉಕ್ಕು ಅದಕ್ಕಿಂತ ಒಂದು ಕೂದಲೆಳೆ ಕೆಳಗೆ. ಹಿತ್ತಾಳೆ 3ರ ಆಸುಪಾಸು. ಎಂದೋ ಒಂದು ಮರಳಿನ ಕಣ ಕೊಳವೆಯ ಜೊತೆ ಡೈಯೊಳಕ್ಕೆ ಹೋಗಿ ಉಕ್ಕಿನಲ್ಲಿ ಸಣ್ಣ ಒರಟನ್ನು ಮಾಡಿರಬೇಕು. ಆ ಒರಟಿಗೆ ಮುಂದೆ ಬಂದ ಕೊಳವೆಯ ಹಿತ್ತಾಳೆಯ ಸಿಪ್ಪೆ ಅಂಟಿಕೊಂಡಿತು. ಅದಕ್ಕೆ ಮುಂದಿನದು, ಅದರ ಮೇಲೆ ಮತ್ತೊಂದು. ಹೀಗೆ ಬೆಳೆದ ದಿಬ್ಬವೇ ಈಗ ಎಲ್ಲವನ್ನೂ ಗೀರುತ್ತಿತ್ತು. ಹಿತ್ತಾಳೆಯನ್ನು ಗೀರುತ್ತಿದ್ದುದು ಹಿತ್ತಾಳೆಯೇ.

ಇದನ್ನು ಕೇಳಿದೊಡನೆ ನನ್ನ ಬಾಯಿಂದ ಬಂದ ಪ್ರಶ್ನೆ: "ಇದು ಬೆಳೆಯಲು ಎಷ್ಟು ದಿನ ಬೇಕು?"

ಅವರು ಉತ್ತರಿಸಲಿಲ್ಲ. ಎದ್ದುಹೋಗಿ ಕಪಾಟಿನ ಬಾಗಿಲು ತೆರೆದರು. ಈ ಕೆಲಸ ಮಾಡುವವರಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ: ತುಂಬಿದ ತೋಟಾಗಳ ಪ್ರತಿ ಪೆಟ್ಟಿಗೆಯ ಮೇಲೂ ಯಾವ ಮದ್ದು, ಎಷ್ಟು ತೂಕ, ಯಾವ ದಿನ ಎಂದು ಚೀಟಿ ಅಂಟಿಸುತ್ತಾರೆ. ಮೊಮ್ಮಗ ಯಂತ್ರ ಮುಟ್ಟುವುದಕ್ಕೆ ಮೊದಲು, ಏಪ್ರಿಲಿನಲ್ಲಿ ತುಂಬಿದ ಪೆಟ್ಟಿಗೆಯನ್ನು ತೆರೆದು ಒಂದೊಂದನ್ನೇ ಬೆಳಕಿಗೆ ಹಿಡಿದರು. ಮೊದಲ ಹತ್ತರಲ್ಲಿ ಏನೂ ಇಲ್ಲ. ಆಮೇಲೆ ಇದ್ದೂ ಇಲ್ಲದಂಥ ಒಂದು ಗೆರೆ. ಜೂನ್ ತಿಂಗಳ ಪೆಟ್ಟಿಗೆಯಲ್ಲಿ ಅದೇ ಗೆರೆ, ಅದೇ ಜಾಗದಲ್ಲಿ, ಕಣ್ಣಿಗೆ ಕಾಣುವಷ್ಟು. ಆಗಸ್ಟಿನದು ಮೇಜಿನ ಮೇಲೆಯೇ ಇತ್ತು.

ಅವರು ಸ್ಟೂಲಿನ ಮೇಲೆ ಕುಳಿತರು. ತುಸು ಹೊತ್ತಿನ ಬಳಿಕ ತಾವಾಗಿಯೇ ಹೇಳಿದರು: ಏಪ್ರಿಲಿನಲ್ಲಿ ಗುರಿ ಹೊಡೆಯುವ ಮೈದಾನದಲ್ಲಿ ಯಾರೋ ಬಿಟ್ಟುಹೋದ ಹಿಡಿಯಷ್ಟು ಕೊಳವೆಗಳನ್ನು ನೆಲದಿಂದ ಹೆಕ್ಕಿ ತಂದಿದ್ದರು. ಸಾಮಾನ್ಯವಾಗಿ ಅಂಥವನ್ನು ಜೋಳದ ದಿಂಡಿನ ಪುಡಿ ತುಂಬಿದ ಅಲುಗಾಟದ ಡಬ್ಬಿಯಲ್ಲಿ ಗಂಟೆಗಟ್ಟಲೆ ಉಜ್ಜಿ ಶುದ್ಧಮಾಡಬೇಕು. ಅಂದು ಅವಸರದಲ್ಲಿ ಪ್ಯಾಂಟಿಗೆ ಒರೆಸಿ ಹಾಗೆಯೇ ಒತ್ತಿದ್ದರು. "ಪ್ಯಾಂಟಿಗೆ ಒರೆಸಿದೆ ನೋಡಿ," ಎಂದು ಎರಡು ಸಲ ಹೇಳಿದರು.

ಡೈಯನ್ನು ಸರಿಪಡಿಸಿದ್ದು ಅದೇ ಮಧ್ಯಾಹ್ನ. ಬೆರಳು ಗಾತ್ರದ ಮರದ ಕಡ್ಡಿಯ ತುದಿಯನ್ನು ಸೀಳಿ, ಅದಕ್ಕೆ ಅತಿ ನಯವಾದ ಉಪ್ಪುಕಾಗದ ಸಿಕ್ಕಿಸಿ, ಬೈರಿಗೆ ಯಂತ್ರದಲ್ಲಿ ನಿಧಾನವಾಗಿ ತಿರುಗಿಸಿದರು. ಹತ್ತು ಸುತ್ತು, ತೊಳೆ, ನೋಡು. ಮತ್ತೆ ಹತ್ತು ಸುತ್ತು. ಬಂಗಾರದ ಎಳೆ ಮಾಯವಾದೊಡನೆ ನಿಲ್ಲಿಸಿ ಹೊಳಪಿನ ಲೇಪದಿಂದ ಮುಗಿಸಿದರು. ಅತಿಯಾಗಿ ಉಜ್ಜಿದರೆ ಡೈಯ ಅಳತೆಯೇ ದೊಡ್ಡದಾಗಿ ಅದು ಯಾವ ಕೆಲಸಕ್ಕೂ ಬಾರದು. ಕೈಮೀರಿದರೆ ತಯಾರಕರಿಗೆ ಕಳುಹಿಸುವುದೇ ಮೇಲಂತೆ. ಆಮೇಲೆ ಒತ್ತಿದ ಕೊಳವೆಯಲ್ಲಿ ಗೆರೆಯ ನೆರಳಿತ್ತು, ಉಗುರಿಗೆ ಸಿಗಲಿಲ್ಲ. ಹಳೆಯ ನಲವತ್ತರಲ್ಲಿ ಉಗುರು ಕಚ್ಚುವಷ್ಟು ಆಳದ ಗೀರಿದ್ದ ಹನ್ನೊಂದನ್ನು ಇಕ್ಕಳದಿಂದ ಜಜ್ಜಿ ಗುಜರಿ ಡಬ್ಬಿಗೆ ಎಸೆದರು; ಉಳಿದವು ನೋಟಕ್ಕಷ್ಟೇ ಕುಂದು, ಕೆಲಸಕ್ಕೆ ಅಡ್ಡಿಯಿಲ್ಲ ಎಂದರು.

ಆ ಹನ್ನೊಂದನ್ನೂ ಬ್ರಾಸೋ ಹಾಕಿ ಉಜ್ಜಿದರೆ ಗೀರು ಹೋಗದೇ ಎಂದು ನಾನು ಕೇಳಿ ನಗೆಪಾಟಲಾದೆ. ನಮ್ಮ ಮನೆಯ ಹಿತ್ತಾಳೆಯ ದೀಪಗಳಿಗೆ ಹುಣಸೆಹಣ್ಣು ಬಿಟ್ಟರೆ ಅದೇ ತಾನೆ? ತೋಟಾದ ಹಿತ್ತಾಳೆಗೆ ಅಮೋನಿಯಾ ಇರುವ ಯಾವ ಲೇಪವೂ ಕೂಡದಂತೆ. ಇದರ ಹಿಂದೆ ನಮ್ಮ ನಾಡಿನದೇ ಕಥೆಯಿದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ತೋಟಾಗಳ ಹಿತ್ತಾಳೆ ಮಳೆಗಾಲ ಬಂತೆಂದರೆ ತಾನಾಗಿಯೇ ಸೀಳು ಬಿಡುತ್ತಿತ್ತು. ಋತುವಿನ ಜೊತೆ ಬರುವ ಬಿರುಕು ಎಂದೇ ಇಂಗ್ಲಿಷಿನಲ್ಲಿ ಅದಕ್ಕೆ ಹೆಸರಾಯಿತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ: ಕುದುರೆಲಾಯಗಳ ಮೂತ್ರದಿಂದ ಹೊಮ್ಮುವ ಅಮೋನಿಯಾ, ಗಾಳಿಯ ತೇವ, ಎಳೆದು ತಯಾರಿಸಿದ ಹಿತ್ತಾಳೆಯೊಳಗೆ ಉಳಿದುಕೊಂಡ ಬಿಗಿತ, ಈ ಮೂರೂ ಸೇರಿದಾಗ ಬಿರುಕು. ಹದವಾಗಿ ಕಾಯಿಸಿ ಆ ಬಿಗಿತವನ್ನು ಇಳಿಸಿದರೆ ಬಿರುಕಿಲ್ಲ. ತರಗತಿಯಲ್ಲಿ ಇಷ್ಟು ವರ್ಷ ಮಿಶ್ರಲೋಹಗಳ ಪಾಠ ಮಾಡಿದ ನನಗೆ ಇದು ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಒಪ್ಪಿಕೊಳ್ಳಬೇಕಾದ ದೊಡ್ಡ ಸಂಗತಿ ಇನ್ನೊಂದಿದೆ. ಕಪಾಟಿನ ಮುಂದೆ ಆ ವೃದ್ಧರು ಏಪ್ರಿಲಿನ ಪೆಟ್ಟಿಗೆ ತೆರೆದಾಗಲೇ ನನಗೆ ಒಳಗೊಳಗೆ ಬೆವರು ಕಿತ್ತುಕೊಂಡಿತ್ತು.

ನಾನು ಶಾಲೆಯ ಎನ್‌ಸಿಸಿ ಅಧಿಕಾರಿಯಾಗಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಾಂಪ್ಟಿಯಲ್ಲಿ ತರಬೇತಿ ಪಡೆದು ಬಂದು, ಥರ್ಡ್ ಆಫೀಸರ್ ಎಂಬ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡು ಬೀಗುತ್ತಿದ್ದ ಕಾಲ. 1991ರಲ್ಲಿ ಒಂದು ದಿನ ಮೂವತ್ತು ಮಂದಿ ಕೆಡೆಟ್‌ಗಳನ್ನು ಪಾಯಿಂಟ್ ಟೂ ಟೂ ರೈಫಲ್ಲಿನ ಗುರಿ ಅಭ್ಯಾಸಕ್ಕೆ ಕರೆದೊಯ್ದಿದ್ದೆ. ತಲೆಗೆ ಐದು ಗುಂಡು. ಹಾರಿಸಿದ ಮೇಲೆ ಖಾಲಿ ಕೊಳವೆಗಳನ್ನು ಎಣಿಸಿ ಒಪ್ಪಿಸಬೇಕು. ಸೈನ್ಯದ ಹಿಂದಿಯಲ್ಲಿ ಅದಕ್ಕೆ ಖೋಖಾ ಎನ್ನುತ್ತಾರೆ. ನಮ್ಮ ಹುಡುಗರ ಬಾಯಲ್ಲೂ ಅದೇ ಹೆಸರು. ಹವಾಲ್ದಾರರು ಎಣಿಸಿದಾಗ ನೂರೈವತ್ತರ ಬದಲು ನೂರನಲವತ್ತೊಂಬತ್ತು ಬಂತು. ಎಲ್ಲರೂ ಮಂಡಿಯೂರಿ ಹುಲ್ಲನ್ನೆಲ್ಲ ಸವರಿದರೂ ಸಿಗಲಿಲ್ಲ.

ನನ್ನ ಸಂಶಯ ಒಬ್ಬನ ಮೇಲೆ ಹೋಯಿತು. ಒಂಬತ್ತನೆಯ ತರಗತಿಯವನು. ಖೋಖಾದ ಬಾಯಿಯನ್ನು ತುಟಿಗೆ ಹಿಡಿದು ಊದಿದರೆ ಸಿಳ್ಳೆಯಾಗುತ್ತದೆಂದು ಕಂಡುಕೊಂಡಿದ್ದವನೂ, "ಒಂದು ಬದಿ ಮುಚ್ಚಿದ ಕೊಳವೆಯ ಅನುನಾದ ಅಂದರೆ ಇದೇನಾ ಸಾರ್?" ಎಂದು ನನ್ನನ್ನು ಕೇಳಿದ್ದವನೂ ಅವನೇ. ಒಂದನ್ನು ಇಟ್ಟುಕೊಳ್ಳಲೇ ಎಂದೂ ಕೇಳಿದ್ದ. ನನಗೆ ಅಷ್ಟೇ ಸಾಕಾಯಿತು. ಜೇಬು ತೆಗೆಸಿದೆ, ಬೂಟು ಬಿಚ್ಚಿಸಿದೆ. ಏನೂ ಸಿಗಲಿಲ್ಲ. "ಇಲ್ಲ ಸಾರ್, ನಾನು ತೆಗೆದುಕೊಂಡಿಲ್ಲ ಸಾರ್," ಎಂದ. ಎಲ್ಲಿ ಬಚ್ಚಿಟ್ಟೆ ಎಂದು ಉಳಿದವರ ಮುಂದೆ ಕಪಾಳಕ್ಕೆ ಹೊಡೆದೆ. ಶಿಬಿರದ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಿದೆ. ಒಂದು ಖೋಖಾ ಕಳೆದಿದೆಯೆಂದು ಮೇಲಿನವರಿಗೆ ಲಿಖಿತ ಹೇಳಿಕೆ ಕೊಟ್ಟೆ. ಮುಂದಿನ ವರ್ಷ ಅವನು ಎನ್‌ಸಿಸಿಗೆ ಬರಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನೂ ಬಿಟ್ಟ.

ಪಾಯಿಂಟ್ ಟೂ ಟೂ ಖೋಖಾ ಮತ್ತೆ ತುಂಬಲು ಬರುವಂಥದಲ್ಲ ಎಂಬುದನ್ನು ಓಹಾಯೋದ ಗ್ಯಾರೇಜಿನಲ್ಲಿ ಕಲಿತೆ. ಅದರಲ್ಲಿ ಕಿಡಿಯ ಬಟ್ಟಲು ಬೇರೆಯಾಗಿ ಇರುವುದಿಲ್ಲ. ಕಿಡಿಮದ್ದು ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಬಡಿದಾಗ ಆ ಅಂಚು ಜಜ್ಜಿಹೋಗುತ್ತದೆ. ಒಂದೂವರೆ ಸೆಂಟಿಮೀಟರ್ ಉದ್ದದ, ಯಾರಿಗೂ ಬೇಡದ ಹಿತ್ತಾಳೆ.

ಆ ಖೋಖಾ ಸಿಕ್ಕಿದ್ದು ಐದು ತಿಂಗಳ ಬಳಿಕ. ಅಂದಿನ ಗುರಿಹಾಳೆಗಳನ್ನು ನಾನೇ ಸುರುಳಿ ಸುತ್ತಿ ದಾರ ಕಟ್ಟಿ ಮನೆಗೆ ತಂದು ಅಟ್ಟಕ್ಕೆ ಎಸೆದಿದ್ದೆ. ಅಂಕಗಳನ್ನು ಪುಸ್ತಕಕ್ಕೆ ಏರಿಸಲೆಂದು ದಾರ ಬಿಚ್ಚಿದಾಗ ಅದು ಟಣ್ಣೆಂದು ನೆಲಕ್ಕೆ ಬಿತ್ತು. ಮರುದಿನವೇ ಹುಡುಗನನ್ನು ಕರೆದು ಹೇಳಬಹುದಾಗಿತ್ತು. ಹೇಳಲಿಲ್ಲ. ಕಳೆದುಹೋಯಿತೆಂದು ಸಹಿ ಹಾಕಿದ್ದೇನಲ್ಲ, ಮೇಲಿನವರಿಗೆ ಏನು ಹೇಳಲಿ ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಅದು ಕಾರಣವಲ್ಲವೆಂದು ಅಂದೂ ಗೊತ್ತಿತ್ತು. ಮೂವತ್ತು ಹುಡುಗರ ಮುಂದೆ ಹೊಡೆದವನು ಅದೇ ಮೂವತ್ತು ಹುಡುಗರ ಮುಂದೆ ತಪ್ಪೊಪ್ಪಿಕೊಳ್ಳಬೇಕಾಗುತ್ತದೆಂಬ ಭಯ, ಅಷ್ಟೇ. ಅವನು ಹತ್ತನೆಯ ತರಗತಿ ಮುಗಿಸಿ ಹೋಗುವವರೆಗೂ ದಿನವೂ ನನ್ನ ಮುಂದೆ ಎರಡನೆಯ ಬೆಂಚಿನಲ್ಲಿ ಕುಳಿತಿದ್ದ.

ನನ್ನ ಅಮೆರಿಕದ ಮಿತ್ರರು ಅಂದು ಸಂಜೆಯವರೆಗೂ ಕಾಯಲಿಲ್ಲ. ಕೈಯ ಎಣ್ಣೆಯನ್ನು ಒರೆಸಿಕೊಂಡು, ನಾನು ಅಲ್ಲೇ ಕುಳಿತಿರುವಾಗಲೇ ಮೊಮ್ಮಗನಿಗೆ ಫೋನ್ ಮಾಡಿದರು. "ಡೈ ಕೆಡಿಸಿದ್ದು ನಾನು. ಏಪ್ರಿಲಿನಲ್ಲಿ. ನೀನು ಒರೆಸಿದ್ದೆ ಅಂದದ್ದು ನಿಜ," ಎಂದರು. ಆ ಕಡೆಯಿಂದ ಏನು ಬಂತೋ ಕೇಳಿಸಲಿಲ್ಲ. ಶನಿವಾರ ಹುಡುಗ ಬಂದ. ಬಂದವನು ಅಜ್ಜನ ಮಾತನ್ನು ಪೂರ್ತಿ ನಂಬದವನಂತೆ ಮೊದಲು ಕಪಾಟು ತೆರೆದು, ಏಪ್ರಿಲಿನ ಪೆಟ್ಟಿಗೆಯ ತೋಟಾಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಆಮೇಲೆಯೇ ಯಂತ್ರದ ಹಿಡಿಗೆ ಕೈ ಹಾಕಿದ್ದು.

ಊರಿಗೆ ಮರಳಿ ಇಷ್ಟು ದಿನವಾದರೂ ಇದನ್ನು ಬರೆಯಲು ಕೈ ಬಂದಿರಲಿಲ್ಲ. ಆ ಕೆಡೆಟ್‌ನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವನ ಜೊತೆ ಅಂದು ಮೈದಾನದಲ್ಲಿದ್ದವರಿಗೆ ಯಾರೆಂದು ತಿಳಿಯುತ್ತದೆ. ಅವನು ಈಗ ಎಲ್ಲಿದ್ದಾನೆಂದು ಬಲ್ಲವರು ದಯವಿಟ್ಟು ನನಗೆ ತಿಳಿಸಿ. ನಾನೇ ಹೋಗಿ ಕಾಣುತ್ತೇನೆ. ಖೋಖಾ ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ, ಕಪ್ಪುಗಟ್ಟಿದೆ. ತೊಳೆದಿಲ್ಲ.